ಕಾರ್ಟರಪ್ಪನ ಹೆಸರು

ಕುರುಗೋಡಿನ ಕಾರ್ಟರಪ್ಪ ಊರೂರು ತಿರುಗಿ, ಸವೆದು ನುಣುಪಾದ ಬೀಸುವ ಕಲ್ಲುಗಳಿಗೆ ಉಳಿಯಿಂದ ಕಚ್ಚು ಹಾಕಿಕೊಡುತ್ತಿದ್ದ. “ಕಾರ್ಟರಪ್ಪ ಬಂದೀನ್ರವ್ವಾ” ಎಂದು ಕೂಗಿದರೆ ಸಿರುಗುಪ್ಪದ ಹೆಂಗಸರು ಹಿಟ್ಟಿನ ಕೈಯಲ್ಲೇ ಹೊರಗೆ ಬರುತ್ತಿದ್ದರು.

ಹೆಸರು ಅವನ ತಾಯಿ ಇಟ್ಟದ್ದು. ೧೮೭೭ರ ದೊಡ್ಡ ಬರದಲ್ಲಿ ತುಂಬು ಬಸುರಿಯಾಗಿದ್ದ ಅವಳು ಸಿರುಗುಪ್ಪದ ಗಂಜಿ ಚಪ್ಪರದ ಮುಂದೆ ಕುಸಿದು ಬಿದ್ದಿದ್ದಳು. ಬರದ ಕಾಮಗಾರಿಯಲ್ಲಿ ಕಲ್ಲು ಹೊರದವರಿಗೆ ಗಂಜಿ ಇಲ್ಲ ಎಂದು ಮೇಸ್ತ್ರಿ ಗದರಿದಾಗ, ಕಾರ್ಟರ್ ಎಂಬ ಎಳೆಯ ಇಂಗ್ಲಿಷ್ ದೊರೆ ಅವನ ಕೈಯ ಸೌಟು ಕಿತ್ತುಕೊಂಡು ತಾನೇ ಬಡಿಸಿದನಂತೆ. ಆ ವಾರವೇ ಹುಟ್ಟಿದ ಮಗನಿಗೆ ಅವಳು ಬೇರೆ ಹೆಸರು ಹುಡುಕಲಿಲ್ಲ.

೧೯೫೦ರಲ್ಲಿ ಕಾರ್ಟರಪ್ಪನ ಮಗ ಜಡೆಪ್ಪನಿಗೆ ಗಂಡು ಮಗುವಾಯಿತು. ಜಡೆಪ್ಪ ಬಳ್ಳಾರಿಯಲ್ಲಿ ಮೇಷ್ಟ್ರು. ಆ ಮನೆತನದಲ್ಲಿ ಮೊದಲ ಮೊಮ್ಮಗನಿಗೆ ಅಜ್ಜನ ಹೆಸರೇ. ಅಜ್ಜ ಬದುಕಿದ್ದರೂ ಸರಿ. ಜಡೆಪ್ಪ ಒಪ್ಪಲಿಲ್ಲ.

“ಗುಲಾಮಗಿರಿ ಹೆಸರು ಬ್ಯಾಡಪ್ಪ. ಸ್ವರಾಜ ಅಂತ ಇಡಾಣ. ಬರದಾಗ ನಮ್ಮ ಕಾಳು ಹಡಗಿಗೆ ತುಂಬಿ ಕಳಿಸಿದವ್ರು ಯಾರು?”

“ಕಳಿಸಿದವ ಬ್ಯಾರೆ, ಬಡಿಸಿದವ ಬ್ಯಾರೆ. ಕಳಿಸಿದವನ ಹೆಸರು ನಾ ಹೊತ್ಕೊಂಡಿಲ್ಲಲೇ.”

ಜಗಳ ಜಡೆಪ್ಪನ ಪಕ್ಕದ ಮನೆಯ ವಕೀಲ ಹಂಪಯ್ಯನವರ ಕಟ್ಟೆಗೆ ಹೋಯಿತು. ಅವರು ಕಾರ್ಟರ್ ಎಂಬ ಹೆಸರಿನ ಅರ್ಥ ನೋಡಲು ದಪ್ಪನೆಯ ಇಂಗ್ಲಿಷ್ ಪುಸ್ತಕ ತಂದು ಕನ್ನಡಕ ಏರಿಸಿದರು.

“ಬಂಡಿ ಹೊಡಿಯಾವ ಅಂತ ಅರ್ಥ ಐತಿ. ಸಾಮಾನು ಸಾಗಸೋ ಮನಿಯವ್ರಿಗೆ ಬಂದ ಅಡ್ಡಹೆಸರು.”

ಜಡೆಪ್ಪ ನಕ್ಕ. “ದೊರಿ ಹೆಸರು ಅಂತ ಮೆರಿತಿದ್ದಿ, ನೋಡು.”

“ಬಂಡಿ ಹೊಡಿಯಾದು ಕಳ್ಳತನ ಏನಲೇ? ಮುಂದ ಓದ್ರಿ, ವಕೀಲ್ರೇ. ಆ ಹೆಸರಿನ್ಯಾಗ ದೊಡ್ಡವ್ರು ಯಾರ್ಯಾರು ಅದಾರ?”

ವಕೀಲರು ಮುಂದೆ ಓದಿದರು. ಗ್ರೀಕ್ ಪುಸ್ತಕವನ್ನು ಇಂಗ್ಲಿಷಿಗೆ ತಂದ ಪಂಡಿತೆಯೊಬ್ಬಳಿದ್ದಳು. ಈಜಿಪ್ಟಿನಲ್ಲಿ ರಾಜನೊಬ್ಬನ ಗೋರಿ ಅಗೆದು ಬಂಗಾರ ಕಂಡವನಿದ್ದ.

“ಸಿರುಗುಪ್ಪದಾಗ ಗಂಜಿ ಬಡಿಸಿದವ?”

ವಕೀಲರು ಹಾಳೆ ತಿರುವಿದರು. “ಅಂವ ಇಲ್ಲಪ್ಪ.”

ಕಾರ್ಟರಪ್ಪ ಎದ್ದು ನಿಂತ. “ಸತ್ತವನ ಗೋರಿ ಅಗದವ ಅದಾನ, ಸಾಯೋರ್ನ ಉಳಿಸಿದವ ಇಲ್ಲ. ಎಂಥಾ ಪುಸ್ತಕರಿ ಇದು?” ಮಗನತ್ತ ತಿರುಗಿದ. “ಅವನ ಹೆಸರು ಉಳಿದಿರಾದು ನನ್ನ ಮೈಮ್ಯಾಲ ಅಷ್ಟ. ಅದನ್ನೂ ಅಳಸ್ತೀ ಏನು?”

ಮಗ ಬಗ್ಗಲಿಲ್ಲ. ತೊಟ್ಟಿಲ ದಿನ ಕಾರ್ಟರಪ್ಪ ಉಳಿಯ ಚೀಲ ಪಕ್ಕದಲ್ಲಿಟ್ಟುಕೊಂಡು ಹೊಸ್ತಿಲಾಚೆಯೇ ಕುಳಿತ. ಒಳಗೆ ಕರೆದರೂ ಹೋಗಲಿಲ್ಲ.

ಹೆಸರಿಡಬೇಕಾದವಳು ಮಗುವಿನ ಸೋದರತ್ತೆ, ಜಡೆಪ್ಪನ ತಂಗಿ ಅಂಬಮ್ಮ. ಕರೂರಿನಿಂದ ಬಂದಿದ್ದ ಅವಳಿಗೆ ಜಡೆಪ್ಪ ಹೊಸ ಸೀರೆ ಕೊಟ್ಟು, ಹೆಸರನ್ನು ಎರಡೆರಡು ಸಲ ಹೇಳಿಕೊಟ್ಟಿದ್ದ. ಅತ್ತೆ ಬಾಗಿ ಮಗುವಿನ ಕಿವಿಯಲ್ಲಿ ಹೆಸರು ಉಸುರುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ಪದ್ಧತಿ. ಅಂಬಮ್ಮ ಬಾಗಿದಳು. ಗುದ್ದು ಧಪಧಪ ಬಿದ್ದವು.

“ಏನಿಟ್ಟಿ ಬೇ?” ಎಂದಳು ಒಬ್ಬಳು.

ಅಂಬಮ್ಮ ಬೆನ್ನು ನೀವಿಕೊಂಡಳು. “ಅಣ್ಣ ಹೇಳಿದ್ದು ಸ್ವರಾಜ. ಗುದ್ದು ತಿಂದಾಕಿ ನಾನು. ಕಾರ್ಟರಪ್ಪ ಅಂದೀನಿ.”

“ಇನ್ನೊಮ್ಮೆ ಹೇಳು, ಸರಿಯಾಗಿ ಹೇಳು” ಎಂದು ಜಡೆಪ್ಪ ಮುಂದೆ ಬಂದ. “ಕಿವಿಗೆ ಬಿದ್ದ ಹೆಸರು ಹೊಳ್ಳಿ ತಗಿಯಾಕ ಬರಂಗಿಲ್ಲಪ್ಪ” ಎಂದು ಮುದುಕಿಯರು ತಡೆದರು.

ಹೊರಗೆ ಕಾರ್ಟರಪ್ಪ ನಗಲಿಲ್ಲ. ಚೀಲ ಹೆಗಲಿಗೇರಿಸಿ ನೇರ ವಕೀಲರ ಕಟ್ಟೆಯ ಮುಂದೆ ಹೋಗಿ ನಿಂತ.

“ನಿಮ್ಮ ಪುಸ್ತಕದಾಗ ಬರಕೊಳ್ರಿ, ವಕೀಲ್ರೇ. ಇನ್ನೊಬ್ಬ ಹುಟ್ಯಾನ.”