ಬಲಕ್ಕೆ ವಾಲಿದ ಜೀಪು

ನಿನ್ನೆ ರಾತ್ರಿ ಈ ವರ್ಷದ ಮೊದಲ ಮಳೆ ಬಂದು ಹೋಗಿದೆ. ಬೆಳಿಗ್ಗೆ ಹೊರಗೆ ಬಂದರೆ ಜೀಪಿನ ತಾಡಪತ್ರಿ ಟಾಪಿನ ಮೇಲೆ ನೀರು ನಿಂತಿದೆ. ಪರಾತದಷ್ಟು ಅಗಲದ ಮಡು, ಅದರಲ್ಲಿ ತೇಲುವ ಬೇವಿನ ಎಲೆ. ಬೇರೆ ಯಾರಾದರೂ ಒಳಗಿನಿಂದ ಒಂದು ಗುದ್ದು ಕೊಟ್ಟು ನೀರು ಚೆಲ್ಲಿ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ನಾನು ಚಹಾ ಆರುವವರೆಗೂ ನೋಡುತ್ತ ನಿಂತೆ. ಈ ಟಾಪಿನ ಮೇಲೆ ಹಿಂದೆಂದೂ ನೀರು ನಿಂತದ್ದಿಲ್ಲ. ಬಿದ್ದದ್ದೆಲ್ಲ ಬಲಕ್ಕೆ ಹರಿದು ಡ್ರೈವರ್ ಸೀಟಿನ ಮಗ್ಗುಲಿಗೆ ಧಾರೆಯಾಗಿ ಇಳಿಯುತ್ತಿತ್ತು. ಈಗ ಜೀಪು ನೆಟ್ಟಗಿದೆ. ನೆಟ್ಟಗೆ ಮಾಡಿಸಿದವನು ನಾನೇ.

ಜೀಪು ನಮ್ಮ ಮಾಮಾನದು. ಅಕ್ಕನ ಗಂಡನನ್ನು ನಾವು ಮಾಮಾ ಎಂದೇ ಕರೆಯುವುದು. ಖಾನಾಪುರದಲ್ಲಿ ಮನೆ, ಜಾಂಬೋಟಿ, ಗುಂಜಿಯ ಕಡೆ ಹೊಲಗದ್ದೆಗಳ ಪಂಪು ರಿಪೇರಿ ಮಾಡುವುದು ಅವರ ಉದ್ಯೋಗ. ಆಳು ದೊಡ್ಡದು. ಮದುವೆ ಊಟದಲ್ಲಿ ಮಾಮಾನ ಪಕ್ಕ ಕೂತವನು ಎಡಗೈಯಲ್ಲಿ ಉಣ್ಣುವ ಅಭ್ಯಾಸ ಮಾಡಿಕೊಳ್ಳಬೇಕು, ಅಷ್ಟು ಜಾಗ ಅವರಿಗೆ. ಜೀಪಿನಲ್ಲಿ ಅವರು ಕೂರುವುದು ಬಲಕ್ಕೆ, ಅವರ ಬೆನ್ನ ಹಿಂದೆಯೇ ಕಬ್ಬಿಣದ ಸಾಮಾನುಗಳ ಪೆಟ್ಟಿಗೆ. ಅದೇ ತಗ್ಗುದಿಣ್ಣೆಯ ರಸ್ತೆಗಳಲ್ಲಿ ವರ್ಷಗಟ್ಟಲೆ ಓಡಿ ಓಡಿ ಜೀಪು ಬಲಕ್ಕೆ ವಾಲಿತು. ದೂರದಿಂದ ನೋಡಿದರೆ, ಮುದುಕನೊಬ್ಬ ಕಿವಿ ಕೇಳದೆ ತಲೆ ವಾರೆ ಮಾಡಿಕೊಂಡು ಬರುತ್ತಿರುವಂತೆ. ಖಾನಾಪುರದ ಚಹಾದಂಗಡಿಯವರು ಅದಕ್ಕೆ ಮರಾಠಿಯಲ್ಲಿ ‘ತಿರಕಾ’ ಎಂದು ಹೆಸರಿಟ್ಟಿದ್ದರು, ಸೊಟ್ಟ ಎಂದು ಅರ್ಥ. ‘ತಿರಕಾ ಆಲಾ’, ಸೊಟ್ಟ ಬಂದ, ಎಂದು ಒಬ್ಬ ಅಂದರೆ ಇನ್ನೊಬ್ಬ ಚಹಾಕ್ಕೆ ಇಡುತ್ತಿದ್ದ.

ಮಾಮಾ ಎರಡು ವರ್ಷದ ಹಿಂದೆ ತೀರಿಕೊಂಡರು. ಮನೆಯಲ್ಲಿ, ಕುರ್ಚಿಯ ಮೇಲೆ, ಊಟಕ್ಕೆ ಕರೆದಾಗ ಏಳಲಿಲ್ಲ. ಅಕ್ಕ ಖಾನಾಪುರದ ಸಾಲಿಯೊಂದರಲ್ಲಿ ಮಾಸ್ತರಿಕಿ ಮಾಡುವವಳು. ರಜೆ ಮುಗಿದ ಮರುದಿನವೇ ಕೆಲಸಕ್ಕೆ ಹೋದಳು. ಅತ್ತದ್ದನ್ನು ಯಾರೂ ನೋಡಲಿಲ್ಲ. ಮಾಮಾನ ಮಾತೆತ್ತಿದರೆ ಒಲೆ ನೋಡಲು ಎದ್ದು ಹೋಗುತ್ತಿದ್ದಳು. ಜೀಪು ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಇಲಿಗಳ ವಶವಾಗಿತ್ತು.

ಹಾಗಿರುವಾಗ ಕಳೆದ ವರ್ಷ ಒಂದು ದಿನ ತಾನಾಗಿಯೇ ಅಂದಳು: “ತಮ್ಮಾ, ಆ ಗಾಡಿ ಓಡೂಹಂಗ ಮಾಡಸತೀಯೇನ? ಒಮ್ಮಿ ಅದರಾಗ ಕುಂತು ಜಾಂಬೋಟಿತನಕ ಹೋಗಿ ಬರಬೇಕನಸ್ತೈತಿ. ಒಮ್ಮಿ ಸಾಕು.”

ನನ್ನ ಅಕ್ಕ ನನ್ನನ್ನು ಏನನ್ನೂ ಕೇಳಿದವಳಲ್ಲ. ಕೇಳಿದರೆ ಮಾಡುವ ಮನುಷ್ಯನೂ ನಾನಲ್ಲ, ನಾನು ಚಿಂತೆ ಮಾಡುವ ಮನುಷ್ಯ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬೆಳಗಾವಿಯ ನಮ್ಮ ಮನೆಯಿಂದ ಹೊರಟು ಕೋಟೆಯ ತನಕ ಹೋಗಿ ತಿರುಗಿ ಬಂದವನು. ಬಂದು ನೋಡಿದರೆ ಹೆಂಡತಿ ಅದೇ ಒಲೆಯ ಮೇಲೆ ರೊಟ್ಟಿ ಬೇಯಿಸುತ್ತಿದ್ದಳು. ಅಂಥವನ ಕೈಗೆ ಈ ಜೀಪು ಬಂತು. ಲಾರಿಯ ಹಿಂದೆ ಕಟ್ಟಿ ಬೆಳಗಾವಿಗೆ ಎಳೆಸಿ ತಂದೆ.

ಬಾಳೂ ಮಿಸ್ತ್ರಿ ಹಳೆಯ ಜೀಪುಗಳನ್ನೇ ರಿಪೇರಿ ಮಾಡುವವನು. ಇಂಜಿನ್ನಿಗೆ ಅವನು ಹೆಚ್ಚೇನೂ ಮಾಡಬೇಕಾಗಲಿಲ್ಲ. ಆಮೇಲೆ ಗಾಡಿಯ ಕೆಳಗೆ ನುಗ್ಗಿ ಪಾಟಾ ನೋಡಿದ. ಚಕ್ರದ ಮೇಲೆ ಗಾಡಿಯ ಭಾರ ಹೊರಲು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಬಿಲ್ಲಿನ ಹಾಗೆ ಬಾಗಿಸಿ ಕಟ್ಟಿರುತ್ತಾರಲ್ಲ, ಅದನ್ನೇ ನಮ್ಮ ಕಡೆ ಪಾಟಾ ಎನ್ನುವುದು. ಎಡಗಡೆಯವು ಇನ್ನೂ ಬಿಲ್ಲಾಗಿದ್ದವು. ಬಲಗಡೆಯವು ಚಪ್ಪಟೆಯಾಗಿ ಮಲಗಿದ್ದವು.

“ನಿಮ್ಮ ಮಾಮಾ ಗಾಡಿ ಕೆಡಿಸಿಲ್ರಿ ಸಾಹೇಬ್ರ,” ಎಂದ ಬಾಳೂ ಕೆಳಗಿನಿಂದಲೇ. “ಗಾಡೀನss ಅವರ ಮೈಗೆ ಒಗ್ಗಿಕೊಂಡೈತಿ.”

“ಹಿಂಗ ಬಿಟ್ರ ಏನಾಕ್ಕೈತಿ?”

“ಏನಾಗತೈತ್ರಿ? ವಾಲಿಕೊಂಡ ಓಡತೈತಿ.”

“ಮುರದ್ರ?”

“ಮುರದ್ರ ಮುರೀತೈತ್ರಿ.”

ಈ ಕೊನೆಯ ಮಾತು ನನಗೆ ಸಾಕಾಯಿತು. ಜಾಂಬೋಟಿಯ ತಿರುವು, ಪಕ್ಕದ ಕಂದಕ, ಅಕ್ಕ, ಆಸ್ಪತ್ರೆ, ಆಸ್ಪತ್ರೆಯ ಮುಂದೆ ನಿಂತ ನೆಂಟರು, ಅವರು ನನ್ನನ್ನು ನೋಡುವ ರೀತಿ, ಎಲ್ಲವೂ ಅಲ್ಲೇ ಕಣ್ಣ ಮುಂದೆ ಬಂದವು. ಹಳೆಯವನ್ನೇ ಕಾಯಿಸಿ ಬಡಿಸಿದರೂ ನಡೆಯುತ್ತದೆ ಎಂದು ಬಾಳೂ ಹೇಳಿದ. ನಾನು ಬೇಡವೆಂದೆ. ನಾಲ್ಕೂ ಚಕ್ರಕ್ಕೆ ಹೊಸ ಪಾಟಾ.

ಇಲ್ಲಿ ಒಂದು ಪದ್ಧತಿ ಹೇಳಬೇಕು. ನಮ್ಮ ಕಡೆ ಹಳೆಯ ಪಾಟಾವನ್ನು ಗುಜರಿಗೆ ಹಾಕುವುದಿಲ್ಲ. ಆ ಉಕ್ಕು ಬಹಳ ಗಟ್ಟಿ, ಅಲಗು ನಿಲ್ಲುತ್ತದೆ ಎಂದು ಕಮ್ಮಾರರು ಒಯ್ಯುತ್ತಾರೆ. ಜಾಂಬೋಟಿಯ ಗದ್ದೆಗಳಲ್ಲಿ ಭತ್ತ ಕೊಯ್ಯುವ ಎಷ್ಟೋ ಕುಡಗೋಲುಗಳು ಒಂದು ಕಾಲಕ್ಕೆ ಯಾವುದೋ ಲಾರಿಯನ್ನೋ ಜೀಪನ್ನೋ ಹೊತ್ತವು. ನನಗೊಂದು ವಿಚಾರ ಹೊಳೆಯಿತು. ಒಳ್ಳೆಯ ವಿಚಾರ ಹೊಳೆಯುವುದು ನನಗೆ ಅಪರೂಪ. ಹೊಳೆದಾಗ ಯಾರಾದರೂ ತಡೆಯಬೇಕು. ಮುಂದೆ ಹಳೆಯವನ್ನು ಬಿಚ್ಚಿದ ಮೇಲೆ ಖಾನಾಪುರದ ಕಮ್ಮಾರನಿಗೆ ಎಲ್ಲ ಪಾಟಾ ಒಯ್ದು ಕೊಟ್ಟೆ. ಮಾಮಾ ಕೂರುತ್ತಿದ್ದ ಮಗ್ಗುಲಿನ ಒಂದು ಪಟ್ಟಿಯನ್ನು ಆರಿಸಿ, ಅಕ್ಕನಿಗೆ ಇದರಿಂದ ಈಳಿಗೆ ಮಾಡು, ಉಳಿದದ್ದಕ್ಕೆ ನಿನಗೆ ಬೇಕಾದಷ್ಟು ಕುಡಗೋಲು ಮಾಡಿಕೋ ಎಂದೆ. ಗಂಡನ ಭಾರ ಹೊತ್ತ ಉಕ್ಕಿನಲ್ಲಿ ಅಕ್ಕ ದಿನವೂ ಕಾಯಿಪಲ್ಲೆ ಹೆಚ್ಚಲಿ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆ ದಿನ ದಾರಿಯುದ್ದಕ್ಕೂ ನನ್ನ ಕಣ್ಣು ತುಂಬಿತ್ತು.

ಹಳೆಯದನ್ನು ಬಿಚ್ಚಿ ಹೊಸ ಪಾಟಾ ಕೂರಿಸಿದ ದಿನ ನಾನು ರಜೆ ಹಾಕಿ ಬಾಳೂನ ಬಾಜೂಕ ಕೂತೆ. ಜಾಕು ಕೊಟ್ಟು ಗಾಡಿ ಎತ್ತಿದರು. ತುಕ್ಕು ಹಿಡಿದ ಬೋಲ್ಟುಗಳು ಬಿಚ್ಚಲೊಲ್ಲದೆ ಕತ್ತರಿಸಬೇಕಾಯಿತು. ಹೊಸದನ್ನು ಕೂರಿಸಿ, ಕೈಯಿಂದ ಆಗುವಷ್ಟೇ ಬಿಗಿ ಮಾಡಿ, ಗಾಡಿ ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆ ಪೂರ್ತಿ ಬಿಗಿ ಮಾಡಿದ. ನಾನು ಹಿಂದೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದೆ. ಗಾಡಿ ಸಾಲಿಯ ಮಗುವಿನ ಹಾಗೆ ನೆಟ್ಟಗೆ ನಿಂತಿತ್ತು.

“ಬರೋಬ್ಬರ ಆತೇನ್ರಿ?” ಎಂದ ಬಾಳೂ.

“ಬರೋಬ್ಬರ,” ಎಂದೆ. ಜೀವನದಲ್ಲಿ ನಾನು ಹೀಗೆ ಅಂದದ್ದು ಕಡಿಮೆ.

ಈಳಿಗೆ ತಯಾರಾದ ಮೇಲೆ ಒಂದು ಭಾನುವಾರ ಜೀಪನ್ನು ಖಾನಾಪುರಕ್ಕೆ ಒಯ್ದೆ. ಅಕ್ಕ ಇಳಕಲ್ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದಳು. ಜೀಪಿನ ಸುತ್ತ ಒಂದು ಸುತ್ತು ಬಂದಳು. ಹತ್ತಿ ತನ್ನ ಎಡಗಡೆಯ ಸೀಟಿನಲ್ಲಿ ಕೂತು, ಎಡಗೈಯಿಂದ ಪಕ್ಕದ ಸರಳು ಹಿಡಿದಳು. ಈಳಿಗೆ ಹಿಂದಿನ ಸೀಟಿನಲ್ಲಿ ಪೇಪರಿನಲ್ಲಿ ಸುತ್ತಿಟ್ಟಿತ್ತು. ಜಾಂಬೋಟಿಯಲ್ಲಿ ಚಹಾ ಕುಡಿಯುವಾಗ ಕೊಡಬೇಕೆಂದು ನನ್ನ ಯೋಜನೆ.

ಊರು ದಾಟಿ ಕಾಡು ಶುರುವಾಯಿತು. ನಾನು ಪಾಟಾದ ಸಪ್ಪಳಕ್ಕೇ ಕಿವಿ ಕೊಟ್ಟಿದ್ದೆ. ಎಷ್ಟೋ ಹೊತ್ತಿನ ಮೇಲೆ ನೋಡಿದರೆ ಅಕ್ಕ ಸರಳನ್ನು ಎಳೆದು ಹಿಡಿದು ಹೊರಕ್ಕೆ ಬಾಗಿದ್ದಾಳೆ. ಸರಿಯಾಗಿ ಕೂರುತ್ತಾಳೆ, ಮತ್ತೆ ಹೊರಕ್ಕೆ ಬಾಗುತ್ತಾಳೆ. ತಲೆ ತಿರುಗುತ್ತಿದೆಯೇನೋ ಎಂದು ಗಾಬರಿಯಾಯಿತು.

“ಅಕ್ಕಾ, ಹೊರಗ ಬೀಳತಿ. ಒಳಗ ಸರಕೋ.”

“ನಿಲ್ಲಸು,” ಎಂದಳು.

ನಿಲ್ಲಿಸಿದೆ. ಅವಳು ಇಳಿಯಲಿಲ್ಲ. ತನ್ನ ಸೀಟಿನಿಂದ ನನ್ನ ಸೀಟಿನವರೆಗಿನ ಜಾಗವನ್ನು ನೋಡುತ್ತ ಕೂತಳು.

“ನಾ ಜಾರವಲ್ಲೆ,” ಎಂದಳು. “ಈ ರಸ್ತೇದಾಗ ನಾ ಅವರ ಮೈಮ್ಯಾಲ ಜಾರತಿದ್ನಿ. ಎಷ್ಟ ಸರಳ ಹಿಡದ್ರೂ ಜಾರತಿದ್ನಿ. ‘ಸರದ ಕುಂದರs, ಗೇರ್ ಹಾಕಾಕ ಆಗವಲ್ತು’ ಅಂತ ಬೈತಿದ್ರು. ಬೈಕೋತ ತಾವೇನೂ ಒಂದೀಟ ಸರೀತಿರಲಿಲ್ಲ.” ಪಕ್ಕದ ಸರಳನ್ನು ತಟ್ಟಿ ಅಂದಳು: “ಈಗ ಅದನ್ನss ಹಿಡದ್ರ ಹೊರಗ ಹೊಂಟೀನಿ.”

“ಪಾಟಾ ಹೊಸಾವು ಹಾಕಸೀನಿ,” ಎಂದೆ ಸ್ಟಿಯರಿಂಗ್ ನೋಡುತ್ತ.

“ಹಳೇ ಪಾಟಾ ಅದಾವಲ್ಲ? ತಿರಗಿ ಅದನ್ನss ಹಾಕಸು. ಮುರದ್ರ ಮುರೀಲಿ.”

ನೀವೇ ಹೇಳಿ, ನಾನು ಏನು ಹೇಳಬೇಕಿತ್ತು? ಕಳೆದುಹೋಗಿದೆ ಎಂದು ಸುಳ್ಳು ಹೇಳುವ ಬುದ್ಧಿಯೂ ಆ ಗಳಿಗೆಗೆ ಬರಲಿಲ್ಲ. ಹಿಂದಕ್ಕೆ ಕೈಚಾಚಿ ಪೇಪರಿನ ಗಂಟನ್ನು ತೆಗೆದು ಅವಳ ತೊಡೆಯ ಮೇಲಿಟ್ಟೆ. ಬಿಚ್ಚಿದಳು. ಕಮ್ಮಾರ ಒಳ್ಳೆಯ ಕೆಲಸ ಮಾಡಿದ್ದ, ಅಲಗು ಥಳಥಳ ಹೊಳೆಯುತ್ತಿತ್ತು. ನಾನು ಎಲ್ಲ ಹೇಳಿದೆ. ಉಳಿದವು ಕುಡಗೋಲಾಗಿ ಯಾರ್ಯಾರದೋ ಮನೆ ಸೇರಿವೆ ಎಂದೂ ಹೇಳಿದೆ. ಅವಳು ಬೈಯುತ್ತಾಳೆಂದು ಕಾದೆ. ಬಾಲ್ಯದಿಂದ ನನ್ನನ್ನು ಬೈದೇ ಬೆಳೆಸಿದವಳು.

“ಛಲೋ ಮಾಡ್ಯಾನ,” ಎಂದಳು ಅಕ್ಕ. “ಪಾಪ, ಭಾಳ ಓಡಾಡೀದಿ.” ಪರವೂರಿನವರ ಜೊತೆ ಮಾತಾಡುವ ದನಿ ಅದು. ಪೇಪರನ್ನು ಮಡಿಕೆ ಕೆಡದಂತೆ ಮತ್ತೆ ಸುತ್ತಿದಳು. ಜಾಂಬೋಟಿ ಇನ್ನೂ ದೂರವಿತ್ತು. “ತಿರಗಸು, ಮನೀಗೆ ಹೋಗೂಣು,” ಎಂದಳು.

ಆ ಈಳಿಗೆಯಲ್ಲಿ ಅವಳು ಕಾಯಿಪಲ್ಲೆ ಹೆಚ್ಚುತ್ತಾಳೆ, ನಾನೇ ನೋಡಿದ್ದೇನೆ. ಜೀಪು ನನ್ನಲ್ಲೇ ಉಳಿಯಿತು. ಎರಡು ಮೂರು ಭಾನುವಾರ ಅದರಲ್ಲೇ ಅವಳನ್ನು ನೋಡಲು ಹೋದೆ, ಮನಸ್ಸು ಬದಲಾದೀತೆಂದು. ಹೋದಾಗಲೆಲ್ಲ ನಾನು ಇಳಿಯುವ ಮೊದಲೇ ಬಾಗಿಲು ತೆಗೆದಿರುತ್ತಿತ್ತು, ಅಕ್ಕ ಹೊಸ್ತಿಲಲ್ಲಿ ನಿಂತಿರುತ್ತಿದ್ದಳು. ಅವಳು ಹತ್ತುವ ದಿನ ಹತ್ತಿರ ಬಂತೆಂದು ನಾನು ಒಳಗೊಳಗೇ ಹಿಗ್ಗಿದೆ. ಮೂರನೆಯ ಸಲ ಚಹಾ ಕೊಡುತ್ತ ಅಂದಳು:

“ತಮ್ಮಾ, ಗಾಡಿ ನಮ್ಮ ಓಣ್ಯಾಗ ತರಬ್ಯಾಡಪಾ. ಸಪ್ಪಳ ಅವರ ಕಾಲದ್ದss ಐತಿ. ನಾ ಎದ್ದು ಬಂದು ಬಾಗಲಾ ತಗೀತೀನಿ.”

ಇವತ್ತೂ ಭಾನುವಾರ. ಟಾಪಿನ ನೀರು ಚೆಲ್ಲಿ, ಖಾನಾಪುರಕ್ಕೆ ಬಂದು, ಸ್ಟೇಷನ್ ರಸ್ತೆಯ ತಿರುವಿನಲ್ಲೇ ಜೀಪು ನಿಲ್ಲಿಸಿ ಕೆಸರು ತುಳಿಯುತ್ತ ಓಣಿಗೆ ನಡೆದೆ. ಅಕ್ಕನ ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಪಾತ್ರೆಯ ಸಪ್ಪಳ ಕೇಳುತ್ತಿತ್ತು. ಬಾಗಿಲು ಬಡಿದೆ.

“ಯಾರ್ರೀ?” ಎಂದಳು ಒಳಗಿನಿಂದ.