ಕಾಜಾ ಅಮ್ಮನ ಗೋಳು

ನಮ್ಮ ಅತ್ತೆಯ ಬಾಯಲ್ಲಿ ಗೋಲು ಯಾವತ್ತೂ ಗೋಳು. "ಕೊನೇ ಗಳಿಗೇಲಿ ಗೋಳು ಹೊಡೆದ ನೋಡು," ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ನಾನು ತಿದ್ದುವ ಗೋಜಿಗೆ ಹೋಗಿರಲಿಲ್ಲ. ಈ ಫುಟ್‌ಬಾಲ್ ಸಿನಿಮಾಗಳು ಮನೆಗೆ ಕಾಲಿಟ್ಟ ಮೇಲೆ ನಾನು ಅನುಭವಿಸಿದ್ದಕ್ಕೆ ಅವರ ಉಚ್ಚಾರವೇ ಸರಿಯಾಗಿ ಹೊಂದುತ್ತಿತ್ತು.

ಬೀದಿಯವರು ಅವರನ್ನು ಕರೆಯುವುದು ಕಾಜಾ ಅಮ್ಮ ಎಂದು. ಟೈಲರ್ ಅಂಗಡಿಯ ಮೂಲೆಯಲ್ಲಿ ನೆಲದ ಮೇಲೆ ಕೂತು, ಒಂದು ಕಾಲು ಮಡಚಿ, ಅದರ ಮೇಲೆ ಬಟ್ಟೆ ಹರವಿಕೊಂಡು, ಕಂಡವರ ಅಂಗಿಗಳಿಗೆಲ್ಲ ಕಾಜಾ ಹೊಲಿದು ಗುಂಡಿ ಹಚ್ಚುತ್ತಾ ಆಯುಷ್ಯ ಕಳೆದವರು. ಮೆಷಿನ್ ತುಳಿಯುವವನ ಹೆಸರು ಅಂಗಡಿಯ ಬೋರ್ಡಿನ ಮೇಲಿತ್ತು. ಗುಂಡಿ ಕಿತ್ತುಬಂದರೆ ಮಾತ್ರ ಜನಕ್ಕೆ ಅತ್ತೆಯ ನೆನಪಾಗಬೇಕು, ಆದರೆ ಅವರು ಹಚ್ಚಿದ ಗುಂಡಿ ಕಿತ್ತುಬರುತ್ತಿರಲಿಲ್ಲ. ಹಾಗೆ ಮಡಚಿ ಮಡಚಿ ಆ ಕಾಲಿನ ಮಂಡಿ ಸವೆದುಹೋಯಿತು. ಕಳೆದ ವರ್ಷದ ಕೊನೆಗೆ ಆಪರೇಷನ್ ಮಾಡಿಸಿ ಹೊಸ ಮಂಡಿ ಕೂರಿಸಿದೆವು.

ಮಂಡಿಯೇನೋ ಹೊಸದಾಯಿತು, ಅದರ ಮೇಲೆ ನಿಲ್ಲಬೇಕಾದವರು ಏಳಲು ಒಪ್ಪಲಿಲ್ಲ. ಫಿಸಿಯೋಥೆರಪಿಯ ಹುಡುಗಿ ಒಂದು ದಿನ ನನ್ನನ್ನು ಅಡುಗೆಮನೆಗೆ ಕರೆದು, ದನಿ ತಗ್ಗಿಸಿ, "ಈಗ ನಡೆಸದೇ ಹೋದ್ರೆ ಕೀಲು ಹಾಗೇ ಬಿಗಿದುಬಿಡುತ್ತೆ ಮೇಡಂ. ಆಮೇಲೆ ಹಾಸಿಗೇನೇ ಗತಿ," ಎಂದಳು.

ಅತ್ತೆ ಮಾತ್ರ ಗೋಡೆಗೊರಗಿ ಕಾಲು ನೀಡಿಕೊಂಡು ಟೀವಿಯ ಮುಂದೆ. ಇದಕ್ಕೆ ಕಾರಣ ನನ್ನ ಗಂಡ. "ಸೋತವರು ಎದ್ದು ಗೆಲ್ಲೋ ಸಿನಿಮಾ ಕಣೆ, ನೋಡಿದ್ರೆ ಅಮ್ಮನಿಗೂ ಸ್ಫೂರ್ತಿ ಬರುತ್ತೆ," ಎಂದು ಒಂದನ್ನು ಹಾಕಿಕೊಟ್ಟರು. ಸ್ಫೂರ್ತಿ ಬಂತು. ಇನ್ನೊಂದು ಸಿನಿಮಾ ನೋಡುವಷ್ಟು ಬಂತು. ಅದು ಮುಗಿದರೆ ಮತ್ತೊಂದು.

ಎಲ್ಲದರ ಕತೆಯೂ ಒಂದೇ. ಕೈಲಾಗದ ಹನ್ನೊಂದು ಜನ, ಎಲ್ಲಿಂದಲೋ ಬಂದ ಒಬ್ಬ ಸಿಡುಕು ಮೋರೆಯ ಕೋಚ್, ಮೊದಲರ್ಧದಲ್ಲಿ ಸೋಲು, ವಿರಾಮದಲ್ಲಿ ಬೈಗುಳ, ಕೊನೆಗೆ ಮಳೆಯಲ್ಲಿ ಗೋಲು. ಮಳೆ ಬಾರದೆ ಒಂದು ತಂಡವಾದರೂ ಗೆದ್ದದ್ದನ್ನು ನಾನು ಕಂಡಿಲ್ಲ. ಅತ್ತೆಗೆ ಇದ್ದ ಆಕ್ಷೇಪಣೆ ಒಂದೇ: "ಇಷ್ಟೆಲ್ಲ ಮಾಡ್ತಾರೆ, ಇವರ ಅಂಗಿಗೊಂದು ಗುಂಡಿ ಇಲ್ವಲ್ಲೇ."

ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಒಂದು ಭಾಷಣಕ್ಕೆ ಹನ್ನೊಂದು ಜನ ನೆಟ್ಟಗಾದರು ಎಂದರೆ ನಂಬುವ ಪೈಕಿ ಅಲ್ಲ. ಗುಮಾಸ್ತರೊಬ್ಬರಿಗೆ ರಿವರ್ಸ್ ಕಲಿಸುವಷ್ಟರಲ್ಲಿ ನನ್ನ ಗಂಟಲು ಬಿದ್ದುಹೋಗಿತ್ತು, ಹಿನ್ನೆಲೆ ಸಂಗೀತವೂ ಇರಲಿಲ್ಲ. ಬೈಗುಳದಲ್ಲೂ ನನ್ನದೊಂದು ಪದ್ಧತಿಯಿದೆ. ಕಲಿಯುವ ಲಕ್ಷಣ ಇರುವವರನ್ನು ಬೈದು ಬೈದೇ ದಾರಿಗೆ ತರುತ್ತೇನೆ. ಇವರಿಂದಾಗದು ಅನ್ನಿಸಿದವರಿಗೆ ಮಾತ್ರ ನಯವಾಗಿ, "ಪರವಾಗಿಲ್ಲ ಸಾರ್, ನಿಧಾನವಾಗಿ ಆದ್ರಾಯ್ತು," ಎನ್ನುತ್ತೇನೆ. ಹಾಗಂದೆನೆಂದರೆ ಅವರ ಲೈಸೆನ್ಸಿಗೆ ಎಳ್ಳುನೀರು ಬಿಟ್ಟಂತೆಯೇ. ಊಟಕ್ಕೆ ಕೂತಾಗ ಇದನ್ನು ಹೇಳಿ ಮನೆಯವರನ್ನೆಲ್ಲ ಎಷ್ಟೋ ಸಲ ನಗಿಸಿದ್ದೇನೆ.

ದಿನವಿಡೀ ಕಿರುಚಿ ಮನೆಗೆ ಬಂದರೆ ಇಲ್ಲಿ ಇನ್ನೊಬ್ಬ ಕಿರುಚುತ್ತಿರುತ್ತಾನೆ. ಅತ್ತೆ ರಿಮೋಟು ಹಿಡಿದು ಆಟವನ್ನೆಲ್ಲ ಮುಂದಕ್ಕೆ ಓಡಿಸಿಬಿಡುವರು. ಕೋಚ್ ಬೈಯುವ ಜಾಗ ಬಂದೊಡನೆ ನಿಧಾನಿಸಿ, ಪೂರ್ತಿ ಕೇಳಿ, ಹಿಂದಕ್ಕೆ ತಂದು ಮತ್ತೊಮ್ಮೆ ಕೇಳುವರು. ಗೆಲ್ಲುವುದನ್ನು ನೋಡಿದರೂ ಸರಿ, ಬಿಟ್ಟರೂ ಸರಿ. ಬೈಗುಳ ಮಾತ್ರ ತಪ್ಪಬಾರದು.

"ಅತ್ತೆ, ಇವತ್ತು ಬಾಗಿಲ ತನಕ ಹೋಗಿ ಬರೋಣ್ವಾ?" ಎಂದು ಬೆಣ್ಣೆಯಂಥ ದನಿಯಲ್ಲಿ ಕೇಳುತ್ತಿದ್ದೆ.

"ನಾಳೆ ನೋಡೋಣ."

"ಪರವಾಗಿಲ್ಲ ಬಿಡಿ, ನಿಧಾನವಾಗಿ ಆದ್ರಾಯ್ತು."

ಒಳಗೊಳಗೇ ಮೈ ಉರಿಯುತ್ತಿತ್ತು. ಆದರೆ ಹಿರಿಯರು, ನೋವು ತಿಂದವರು, ಸೊಸೆಯಾದವಳು ಹೇಗೆ ದನಿ ಎತ್ತುವುದು? ಹಲ್ಲು ಕಚ್ಚಿಕೊಂಡು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ತಾಳ್ಮೆ ಕೈಕೊಟ್ಟಿತು. ಬೆಳಗ್ಗೆಯಷ್ಟೇ ನನ್ನ ವಿದ್ಯಾರ್ಥಿನಿಯೊಬ್ಬಳು ಕಾರನ್ನು ಡಿವೈಡರಿನ ಮೇಲೆ ಹತ್ತಿಸಿದ್ದಳು. ಮನೆಗೆ ಬಂದರೆ ಅದೇ ಕೋಚ್, ಅದೇ ಬಕೆಟ್ಟನ್ನು ಒದ್ದು, ಅದೇ ಮಾತು ಆಡುತ್ತಿದ್ದಾನೆ. ಅತ್ತೆ ರಿಮೋಟು ಎತ್ತಿ ಹಿಂದಕ್ಕೆ ತಿರುಗಿಸಿದರು. ನಾನು ಅದನ್ನು ಕಿತ್ತುಕೊಂಡು ಟೀವಿ ಆರಿಸಿದೆ.

"ಏಳಿ ಮೇಲೆ," ಎಂದೆ. ಕಾರಿನಲ್ಲಿ ಬರುವ ದನಿಯೇ ಬಂತು. "ಯಾರೋ ಓಡ್ತಾರೆ, ಇಲ್ಲಿ ಕೂತು ನೀವು ಅಳ್ತೀರಿ. ಆ ಮಂಡಿ ಏನು ಷೋಕೇಸಲ್ಲಿ ಇಡೋಕೆ ಹಾಕಿಸಿದ್ದಾ? ನೋವಾಗುತ್ತೆ, ಗೊತ್ತು. ಆಗ್ಲಿ. ಏಳಿ ಅಂದೆ."

ಅಡುಗೆಮನೆಯಿಂದ ಗಂಡ ಸೌಟು ಹಿಡಿದುಕೊಂಡೇ ಇಣುಕಿ, ನನ್ನ ಮುಖ ನೋಡಿ ಹಾಗೇ ಹಿಂದೆ ಸರಿದರು. ಆಡಿಯಾದ ಮೇಲೆ ನನಗೂ ಗಾಬರಿಯಾಯಿತು. ಅತ್ತೆಯ ಕಣ್ಣಲ್ಲಿ ನೀರು ಬರುತ್ತದೆಂದು ಕಾದೆ.

"ಅಂತೂ ಬೈದೆ," ಎಂದರು ಅತ್ತೆ. "ಆ ಹುಡುಗಿ ನಿನ್ನನ್ನ ಅಡುಗೆಮನೆಗೆ ಕರ್ಕೊಂಡು ಹೋಗಿ ಅದೇನು ಗುಸುಗುಸು ಹೇಳಿದ್ಳೋ. ಅವತ್ತಿಂದ ಬರೀ ಪರವಾಗಿಲ್ಲ ಬಿಡಿ, ನಿಧಾನವಾಗಿ ಆದ್ರಾಯ್ತು. ನೀನು ಯಾರಿಗೆ ಹಾಗಂತೀಯ ಅಂತ ನನಗೆ ಗೊತ್ತಿಲ್ವಾ? ಸರಿ, ಇನ್ನು ನನ್ನ ಕೈಲಿ ಆಗಲ್ಲ, ಇವಳೂ ಕೈಬಿಟ್ಳು ಅಂದ್ಕೊಂಡೆ."

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ರೇಗಿತು. ಇಷ್ಟು ದಿನ ಇದನ್ನು ಬಾಯಿಬಿಟ್ಟು ಕೇಳಬಾರದಿತ್ತೇ? ವಾಕರನ್ನು ಎಳೆದು ಅವರ ಮುಂದೆ ನಿಲ್ಲಿಸಿದೆ.

ಎದ್ದರು. ಮುಖ ಕಿವುಚಿಕೊಂಡು, ಯಾರಿಗೋ ಶಾಪ ಹಾಕುತ್ತಾ ಎದ್ದರು. ಕಲಿಸುವ ಕಾರಿನಲ್ಲಿ ನನ್ನ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ಅದನ್ನು ಒತ್ತದೆ ಇರುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಕೈಯನ್ನು ಅವರ ಬೆನ್ನ ಹಿಂದೆ ಇಟ್ಟುಕೊಂಡೆ, ಮುಟ್ಟಲಿಲ್ಲ. ಹೊರಗೆ ಮಳೆಯಿರಲಿ, ಮೋಡ ಕೂಡ ಇರಲಿಲ್ಲ. ಪಕ್ಕದ ಮನೆಯವರು ಸ್ಟಾರ್ಟ್ ಆಗದ ಸ್ಕೂಟರನ್ನು ಒದೆಯುತ್ತಿದ್ದರು.

"ನೆಲ ನೋಡ್ಬೇಡಿ, ಮುಂದೆ ನೋಡಿ. ಹಿಮ್ಮಡಿ ಮೊದಲು ಊರಿ. ಎಷ್ಟು ಸಲ ಹೇಳೋದು?"

"ಈಗ ತಾನೇ ಮೊದಲನೇ ಸಲ ಹೇಳಿದ್ದು," ಎಂದು ಗೊಣಗಿದರು. ಕಾಲು ನಡುಗುತ್ತಿತ್ತು. ಮಧ್ಯದಲ್ಲಿ ಒಮ್ಮೆ ನಿಂತು ಉಸಿರು ಬಿಟ್ಟರು. ಕೊನೆಗೆ ಬಾಗಿಲು ತಲುಪಿ ಚೌಕಟ್ಟಿಗೆ ಅಂಗೈ ಊರಿದರು.

"ಗೋಳು," ಎಂದರು.

"ಗೋಳಲ್ಲ, ಗೋಲು. ಇಷ್ಟು ಸಿನಿಮಾ ನೋಡಿದ್ರಿ, ಅದೊಂದು ಅಕ್ಷರ ಕಲಿಯೋಕಾಗ್ಲಿಲ್ವಾ?"

"ಹಾಂ, ಬೈತಾ ಇರು," ಎನ್ನುತ್ತಾ ಅತ್ತೆ ವಾಕರನ್ನು ಎತ್ತಿ, ತಾವು ಒರಗಿ ಕೂರುತ್ತಿದ್ದ ಗೋಡೆಯ ಕಡೆಗೆ ತಿರುಗಿಸಿದರು. "ಈಗ ರಿವರ್ಸ್ ಹೇಳಿಕೊಡು."