ಯಾವ ಸಿದ್ದಾಪುರ
ನನ್ನ ಮದುವೆಯಾದದ್ದು ಯುದ್ಧದ ವರ್ಷಗಳಲ್ಲಿ, ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದ ಕಾಲ. ನನಗಾಗ ಹದಿನೇಳು. ಮನೆ ಕೋಟೇಶ್ವರದಲ್ಲಿ. ಅಕ್ಕನನ್ನು ಬೊಂಬಾಯಿಗೆ ಕೊಟ್ಟಿದ್ದರು. ಐದು ವರ್ಷಗಳಲ್ಲಿ ಅವಳು ಊರಿಗೆ ಬಂದದ್ದು ಎರಡೇ ಸಲ. ಹಾಗಾಗಿ ನನ್ನನ್ನು ದೂರಕ್ಕೆ ಕೊಡುವುದೇ ಇಲ್ಲವೆಂದು ಅಮ್ಮ ಹಟ ಹಿಡಿದಿದ್ದಳು.

ಹುಡುಗನದು ಬೈಂದೂರು ಕಡೆ, ಸಿದ್ದಾಪುರದಲ್ಲಿ ಹೋಟೆಲು ಇಟ್ಟಿದ್ದಾರೆ ಎಂದು ಅಪ್ಪಯ್ಯ ಹೇಳಿದರು. ನಮ್ಮಲ್ಲಿ ಸಿದ್ದಾಪುರ ಎಂದರೆ ಘಟ್ಟದ ಬುಡದಲ್ಲಿರುವ ಊರು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಸೇರಬಹುದು. ಅಮ್ಮ ಬೇರೇನೂ ಕೇಳಲಿಲ್ಲ.

ಮದುವೆಯಾಗಿ ಒಂದು ವಾರ ಬೈಂದೂರಿನಲ್ಲಿದ್ದೆ. ಹೋಟೆಲು ಇರುವುದು ಕೊಡಗಿನ ಸಿದ್ದಾಪುರದಲ್ಲಿ ಎಂದು ತಿಳಿದದ್ದು ಅಲ್ಲಿ, ಅತ್ತೆ ನನಗೊಂದು ಕಂಬಳಿ ತೆಗೆದಿಟ್ಟಾಗ. "ಕೊಡಗಲ್ಲಿ ಚಳಿ ಜಾಸ್ತಿ" ಎಂದರು. ಗಂಡನ ಹತ್ತಿರ ಮಾತಾಡುವಷ್ಟು ಸಲಿಗೆ ಇನ್ನೂ ಬಂದಿರಲಿಲ್ಲ. ಕಂಬಳಿ ಮಡಚಿ ಟ್ರಂಕಿಗೆ ಹಾಕಿದೆ.

ಹೊರಡುವ ಮುನ್ನ ನಾವಿಬ್ಬರೂ ಎರಡು ದಿನದ ಮಟ್ಟಿಗೆ ಕೋಟೇಶ್ವರಕ್ಕೆ ಬಂದೆವು. ಆಗಲೂ ಅಮ್ಮನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಇವರು ದೋಸೆ ತಿನ್ನುತ್ತಾ, ನಾಳೆ ಮಂಗಳೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಅಪ್ಪಯ್ಯನನ್ನು ಕೇಳಿದರು.

"ಸಿದ್ದಾಪುರಕ್ಕೆ ಹೋಪುಕೆ ಮಂಗ್ಳೂರಿಗ್ ಎಂತಕ್ ಹೋಯ್ಕ್?" ಅಮ್ಮ ಒಳಗಿನಿಂದಲೇ ಕೇಳಿದಳು.

"ಇಲ್ಲಿನ್ ಸಿದ್ದಾಪುರ ಅಲ್ದೇ ಅತ್ತೆ, ಕೊಡ್ಗಿಂದ್. ಮಾವಯ್ಯಂಗೆ ಮೊದ್ಲೇ ಹೇಳಿದ್ದೆ."

ಅಮ್ಮ ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದಳು. "ನಿಮ್ಗ್ ಗೊತ್ತಿತ್ತಾ?"

ಅಪ್ಪಯ್ಯ ವೀಳ್ಯದೆಲೆಯ ನಾರು ತೆಗೆಯುತ್ತಿದ್ದರು. ತಲೆ ಎತ್ತದೆ, "ಹೇಳಿರೆ ನೀ ಒಪ್ತಿದ್ಯಾ?" ಎಂದರು.

ಅಮ್ಮ ಅಳಲಿಲ್ಲ, ಕೂಗಾಡಲೂ ಇಲ್ಲ. ಒಳಗೆ ಹೋಗಿ ಎರಡು ಸೀರೆ ಮಡಚಿ ನನ್ನ ಟ್ರಂಕಿನ ಮೇಲಿಟ್ಟಳು. "ನಾನೂ ಬತ್ತೆ. ಮಗ್ಳ್ ಇಪ್ಪು ಜಾಗ ಎಲ್ಲಿತ್ ಅಂದ್ಹೇಳಿ ನಾ ಕಾಣ್ಕ್."

ಮಗಳ ಹೊಸ ಸಂಸಾರಕ್ಕೆ ತಾಯಿ ಹೀಗೆ ಬೆನ್ನು ಹತ್ತಿ ಹೋಗುವುದು ಆಗ ಇರಲಿಲ್ಲ. ಇವರು ಬೇಡ ಎನ್ನಲಿಲ್ಲ, ಅಷ್ಟೆ.

ಉಡುಪಿಯಿಂದಾಚೆ ಅಮ್ಮ ಹೋದವಳಲ್ಲ. ಮಾಬುಕಳದಲ್ಲಿ ಬಸ್ಸಿಳಿದು ಹೊಳೆ ದಾಟುವಾಗ ದೋಣಿಯಲ್ಲಿ ನನ್ನ ಪಕ್ಕ ಕುಳಿತು ಮೆಲ್ಲಗೆ ಕೇಳಿದಳು: "ನಿಂಗೂ ಗೊತ್ತಿತ್ತಾ?" ಹೌದೆಂದು ತಲೆಯಾಡಿಸಿದೆ. ಆಚೆ ದಡ ಮುಟ್ಟುವವರೆಗೂ ಅವಳು ನೀರನ್ನೇ ನೋಡುತ್ತಿದ್ದಳು. ಆಮೇಲೆ ಮಂಗಳೂರು, ಪುತ್ತೂರು, ಮಡಿಕೇರಿ. ಬಸ್ಸು ಬದಲಿಸಿದಲ್ಲೆಲ್ಲ ಊರಿನ ಹೆಸರು ಕೇಳಿ ಬಾಯಿಪಾಠ ಮಾಡಿಕೊಂಡಳು. ಅವಳಿಗೆ ಓದು ಬರುತ್ತಿರಲಿಲ್ಲ.

ಸಿದ್ದಾಪುರದಲ್ಲಿ ಹೋಟೆಲಿನ ಹಿಂದೆ ಎರಡು ಕೋಣೆ, ಸುತ್ತ ಕಾಫಿ ತೋಟ. ಅಮ್ಮ ಜಿಗಣೆಗೆ ಹೆದರಿದಳು, ಚಳಿಗೆ ಬೈದಳು. ನಾಲ್ಕನೆಯ ದಿನಕ್ಕೆ ಹೋಟೆಲಿನ ಸಾಂಬಾರಿಗೆ ಕೈ ಹಾಕಿದಳು. ಇವರೂ ಅಮ್ಮನೂ ಬೇಗ ಹೊಂದಿಕೊಂಡರು. ನಾನು ಹೊಂದಿಕೊಂಡದ್ದು ಸ್ವಲ್ಪ ನಿಧಾನ.

ಎರಡು ವಾರವಾದರೂ ಅಪ್ಪಯ್ಯನ ಕಾಗದ ಬರಲಿಲ್ಲ. "ಸೊಕ್ಕ್," ಎಂದಳು ಅಮ್ಮ. ತಾನಾಗಿ ಹೊರಡುವುದಿಲ್ಲವೆಂದು ನಿಶ್ಚಯ ಮಾಡಿದಳು. ತಿಂಗಳಾಯಿತು. ಆಮೇಲೊಂದು ಬೆಳಿಗ್ಗೆ ಅಂಚೆಯವನು ಒಂದು ಕಾರ್ಡು ತಂದುಕೊಟ್ಟ. ಮೈತುಂಬ ಮುದ್ರೆ. ಅಪ್ಪಯ್ಯ ವಿಳಾಸದಲ್ಲಿ ಇವರ ಹೆಸರು, ಹೋಟೆಲು, ಸಿದ್ದಾಪುರ ಎಂದಷ್ಟೇ ಬರೆದಿದ್ದರು. ಅದು ಮೊದಲು ನಮ್ಮೂರ ಕಡೆಯ ಸಿದ್ದಾಪುರಕ್ಕೆ ಹೋಗಿ, ಅಲ್ಲಿಂದ ಘಟ್ಟ ಹತ್ತಿ ಶಿರಸಿ ಹತ್ತಿರದ ಸಿದ್ದಾಪುರ ನೋಡಿ, ಕೊನೆಗೆ ಇಲ್ಲಿಗೆ ಬಂದಿತ್ತು. ನಾನು ಓದಿ ಹೇಳಿದೆ: "ದನ ನನ್ನ ಕೈಗೆ ಹಾಲು ಕೊಡುವುದಿಲ್ಲ. ತಪ್ಪಾಯಿತು. ಬೇಗ ಬರುವುದು."

"ಯಾವ್ ಸಿದ್ದಾಪುರ ಅಂದ್ಹೇಳಿ ಬರೆಯೂಕೆ ಇವ್ರಿಗೇ ಆಯ್ಲಿಲ್ಲೆ!" ಎಂದು ಅಮ್ಮ ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮರುದಿನವೇ ಹೊರಟಳು. ಜೊತೆಗೆ ಬರುತ್ತೇನೆಂದು ಇವರು ಎಷ್ಟು ಹೇಳಿದರೂ ಮಡಿಕೇರಿಯಿಂದ ಹಿಂದಕ್ಕೆ ಕಳಿಸಿಬಿಟ್ಟಳು.

ಅಪ್ಪಯ್ಯನಿಗೆ ಏನು ಹೇಳಿದಳೋ, ಕ್ಷಮಿಸಿದಳೋ ಇಲ್ಲವೋ, ನನಗೆ ಗೊತ್ತಿಲ್ಲ. ಮತ್ತೆರಡು ಸಲ ಒಬ್ಬಳೇ ಬಂದುಹೋದಳು. ಅಪ್ಪಯ್ಯ ಬಂದದ್ದು ಒಮ್ಮೆ ಮಾತ್ರ, ನನ್ನ ಎರಡನೆಯ ಮಗನ ನಾಮಕರಣಕ್ಕೆ. ದಾರಿಯುದ್ದಕ್ಕೂ ಅಮ್ಮ ಮುಂದೆ, ಟ್ರಂಕು ಹಿಡಿದು ಅವರು ಹಿಂದೆ.